ತೇಲುವ ಕೋಡಿ: ಮನೆಯ ಪುಟ್ಟ ಕೊಳಕ್ಕೆ ನಾವೇ ಮಾಡ್ಕೊಳ್ಳೋ ಸ್ಕಿಮ್ಮರ್

ಪುಣೆ, ಹೈದರಾಬಾದ್, ಚೆನ್ನೈ ಅಂತ ಕೆಲಸಕ್ಕೆ ಬಂದವರಲ್ಲಿ ಕೆಲವರು ಟೆರೇಸ್‌ನಲ್ಲೋ ರೋ ಹೌಸ್ ಹಿತ್ತಲಲ್ಲೋ ಪುಟ್ಟದೊಂದು ಕೊಳ ಮಾಡಿಕೊಂಡಿದ್ದೀರಿ. ನಾಲ್ಕು ನೈದಿಲೆ ಎಲೆ, ಹತ್ತು ಗಪ್ಪಿ ಮೀನು. ಮೊದಲ ತಿಂಗಳು ನೋಡೋಕೆ ಚೆಂದ. ಆಮೇಲೆ ನೀರಿನ ಮೇಲೆ ಒಣಗಿದ ಎಲೆ, ಧೂಳು, ಎಣ್ಣೆಯಂಥ ತೆಳು ಪೊರೆ. ಕೇಳಿದರೆ ಬರೋ ಸಲಹೆ ಒಂದೇ: ದೊಡ್ಡ ಪಂಪ್ ಹಾಕಿ. ಆದರೆ ಇಲ್ಲಿ ಪ್ರಶ್ನೆ ಪಂಪ್ ಎಷ್ಟು ಎಳೆಯುತ್ತೆ ಅನ್ನೋದಲ್ಲ, ಎಲ್ಲಿಂದ ಎಳೆಯುತ್ತೆ ಅನ್ನೋದು. ತಳದಲ್ಲಿ ಕೂತ ಪಂಪ್ ತಳದ ನೀರನ್ನೇ ಸುತ್ತಿಸುತ್ತೆ. ಮೇಲಿನ ಕಸ ಮೇಲೇ ಇರುತ್ತೆ.

ಮೇಲಿನ ಪದರಕ್ಕೆ ಯಾಕೆ ಇಷ್ಟು ಮಹತ್ವ?

ಬಿದ್ದ ಎಲೆ ಕೆಲವು ದಿನ ತೇಲುತ್ತೆ. ಅಷ್ಟರಲ್ಲಿ ತೆಗೆದರೆ ಅದು ಬರೀ ಎಲೆ. ಮುಳುಗಿದ ಮೇಲೆ ಕೊಳೆತು ಕೆಸರಾಗುತ್ತೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿನ್ನುತ್ತೆ. ಆಮ್ಲಜನಕ ಒಳಗೆ ಬರೋ ಮುಖ್ಯ ಬಾಗಿಲು ನೀರಿನ ಮೇಲ್ಮೈ. ಅದರ ಮೇಲೆ ಪೊರೆ ಕಟ್ಟಿದರೆ ಬಾಗಿಲು ಅರ್ಧ ಮುಚ್ಚಿದ ಹಾಗೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಬೇಸಿಗೆಯ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡ್ತಾ ಇದ್ದರೆ ಅದು ಉಸಿರಿಗಾಗಿ.

ಕೆರೆಯ ಕೋಡಿ, ಸಣ್ಣ ಅಳತೆಯಲ್ಲಿ

ಊರಿನ ಕೆರೆ ಕೋಡಿ ಬೀಳೋದನ್ನು ನೋಡಿದ್ದೀರಲ್ಲ? ಕೋಡಿಯ ಮೇಲೆ ಹರಿದು ಹೋಗೋದು ಕೆರೆಯ ಮೇಲ್ಪದರದ ನೀರು. ತೇಲೋ ಕಸವೆಲ್ಲ ಆ ಕಡೆಗೇ ಬರುತ್ತೆ. ಸ್ಕಿಮ್ಮರ್ ಅಂದರೆ ಅದೇ: ಹಾಲಿನ ಕೆನೆ ತೆಗೆದ ಹಾಗೆ, ನೀರಿನ ಮೇಲ್ಪದರ ಮಾತ್ರ ಒಂದು ಅಂಚನ್ನು ದಾಟಿ ಒಳಗೆ ಬೀಳಬೇಕು.

ಆ ಪದರ ಎಷ್ಟು ದಪ್ಪ? 110 ಎಂಎಂ ಪಿವಿಸಿ ಪೈಪಿನ ಬಾಯಿ ಸುತ್ತಳತೆ ಸುಮಾರು 34 ಸೆಂಟಿಮೀಟರ್. ಗಂಟೆಗೆ ನಿಜವಾಗಿ 1000 ಲೀಟರ್ ಎಳೆದರೆ, ಕೋಡಿಯ ಲೆಕ್ಕದ ಪ್ರಕಾರ ಅಂಚು ನೀರಿನಿಂದ ಸುಮಾರು 6 ಮಿಲಿಮೀಟರ್ ಕೆಳಗಿರಬೇಕು. ಆಳ ಎರಡು ಪಟ್ಟಾದರೆ ಹರಿವು ಸುಮಾರು 2.8 ಪಟ್ಟಾಗುತ್ತೆ. ಅಂದರೆ ಒಂದೆರಡು ಮಿಲಿಮೀಟರ್ ಆಚೆ ಈಚೆ ಆದರೂ ಎಲ್ಲ ಬದಲಾಗುತ್ತೆ. ಇಡೀ ವಿನ್ಯಾಸ ನಿಂತಿರೋದು ಈ 6 ಮಿಲಿಮೀಟರ್ ಮೇಲೆ.

ಸುಲಭ ಅನ್ನಿಸೋ ಎರಡು ದಾರಿ

ಒಂದು, ಬಕೆಟ್ ಒಳಗೆ ಪಂಪ್ ಇಟ್ಟು, ಬಕೆಟ್ ಅಂಚು ನೀರಿನಿಂದ ಸ್ವಲ್ಪ ಕೆಳಗಿರೋ ಹಾಗೆ ಕಲ್ಲಿನ ಮೇಲೆ ಕೂರಿಸೋದು. ಬಿರು ಬೇಸಿಗೆಯಲ್ಲಿ ದಿನಕ್ಕೆ 5ರಿಂದ 10 ಮಿಲಿಮೀಟರ್ ನೀರು ಆವಿಯಾಗುತ್ತೆ. ಒಂದೇ ದಿನದಲ್ಲಿ ಅಂಚು ನೀರಿನಿಂದ ಮೇಲೆ ಬಂತು, ಪಂಪ್ ಒಣಗಿತು.

ಎರಡು, ಬಕೆಟ್‌ಗೇ ಫೋಮ್ ಕಟ್ಟಿ ತೇಲಿಸೋದು. ಇದು ಜಾಣತನ ಅನ್ನಿಸುತ್ತೆ, ಆದರೆ ಲೂಪ್ ಗಮನಿಸಿ. ಪಂಪ್ ಎಳೆದಾಗ ಬಕೆಟ್ ಒಳಗಿನ ನೀರು ಇಳಿಯುತ್ತೆ. ಬಕೆಟ್ ಹಗುರಾಗಿ ಮೇಲೇಳುತ್ತೆ. ಅಂಚು ಮೇಲೆ ಬಂದದ್ದಕ್ಕೆ ಒಳಗೆ ಬರೋ ನೀರು ಇನ್ನೂ ಕಮ್ಮಿ. ಬಕೆಟ್ ಇನ್ನೂ ಹಗುರ. ಸರ್ವರ್ ನಿಧಾನವಾದಾಗ ಎಲ್ಲ ಕ್ಲೈಂಟ್‌ಗಳೂ ರಿಟ್ರೈ ಮಾಡಿ ಅದನ್ನು ಪೂರ್ತಿ ಮಲಗಿಸ್ತಾವಲ್ಲ, ಅದೇ ಕಥೆ.

ಪರಿಹಾರ ಇಷ್ಟೇ: ನೀರು ತುಂಬಿಕೊಳ್ಳೋ ಭಾಗ ಬೇರೆ, ತೇಲೋ ಭಾಗ ಬೇರೆ. ಕೆಳಗೆ ಅಲ್ಲಾಡದ ಪೈಪು. ಅದರ ಮೇಲೆ ಜಾರುವ, ಎರಡೂ ಕಡೆ ತೆರೆದ ಒಂದು ಉಂಗುರ. ಉಂಗುರಕ್ಕೆ ತಳವೇ ಇಲ್ಲ, ಹಾಗಾಗಿ ಒಳಗಿನ ನೀರು ಏರಲಿ ಇಳಿಯಲಿ, ಅದರ ತೂಕ ಬದಲಾಗಲ್ಲ.

ಮಾಡೋದು ಹೇಗೆ?

ಪ್ಲಂಬಿಂಗ್ ಅಂಗಡಿಯಲ್ಲಿ 110 ಎಂಎಂ ಎಸ್‌ಡಬ್ಲ್ಯುಆರ್ ಪೈಪ್ ಕೇಳಿ, ರಬ್ಬರ್ ರಿಂಗ್ ಹಾಕೋ ಥರದ್ದು. ಅದರ ಒಂದು ತುದಿ ಅಗಲವಾಗಿರುತ್ತೆ. ಆ ಅಗಲ ಭಾಗದ ಜೊತೆ ಮಾಮೂಲಿ ಪೈಪ್ 7 ಸೆಂಟಿಮೀಟರ್ ಸೇರಿಸಿ ಕತ್ತರಿಸಿ. ರಬ್ಬರ್ ರಿಂಗ್ ತೆಗೆದು ಅಗಲ ಭಾಗ ಕೆಳಗೆ ಬರೋ ಹಾಗೆ ತಿರುಗಿಸಿದರೆ ನಿಮ್ಮ ಉಂಗುರ ರೆಡಿ. ಉಳಿದ ಪೈಪಿನ ತುದಿಯನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಕೈಬಿಟ್ಟರೆ ಉಂಗುರ ತನ್ನ ಭಾರಕ್ಕೇ ಜಾರಬೇಕು, ಆದರೆ ಗಡಗಡ ಅನ್ನಬಾರದು. ಸಂದು ಎರಡು ಮಿಲಿಮೀಟರ್ ಇದ್ದರೂ ಪಂಪ್ ತನಗೆ ಬೇಕಾದ ನೀರಿನ ಒಂದು ಪಾಲನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತೆ, ಮೇಲ್ಮೈ ಎಳೆತ ಅಷ್ಟು ಕಮ್ಮಿಯಾಗುತ್ತೆ.

ಕೆಳಗಿನ ಪೈಪಿಗೆ ಎಂಡ್ ಕ್ಯಾಪ್ ಹಾಕಿ ಕಡಪ ಕಲ್ಲಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿ. ರಸಮಟ್ಟ ಹಿಡಿದು ನೆಟ್ಟಗಿದೆಯಾ ನೋಡಿ, ವಾಲಿದರೆ ಉಂಗುರ ಸಿಕ್ಕಿಹಾಕಿಕೊಳ್ಳುತ್ತೆ. ಒಳಗೆ ಕೂಲರ್‌ಗೆ ಹಾಕೋ ಥರದ 18 ವ್ಯಾಟ್ ಪಂಪ್, ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಕಸ ಹಿಡಿಯೋಕೆ ನೆಟ್ ಚೀಲ. ಹೋಸ್ ಮತ್ತು ವೈರ್ ತಳದ ಹತ್ತಿರ ತೂತಿನಿಂದ ಹೊರಬಂದು, ಸುತ್ತ ಅಕ್ವೇರಿಯಂ ಸಿಲಿಕಾನ್‌ನಿಂದ ಮುಚ್ಚಿರಬೇಕು.

ಉಂಗುರದ ಹೊರಗೆ ಮೂರು ಕಡೆ 100 ಎಂಎಲ್ ಬಾಟಲಿ ಕೇಬಲ್ ಟೈನಿಂದ ಕಟ್ಟಿ. ಕೋವಿಡ್ ಕಾಲದ ಸ್ಯಾನಿಟೈಸರ್ ಬಾಟಲಿ ಮನೇಲಿ ಇದ್ದೇ ಇರುತ್ತೆ, ಚೆನ್ನಾಗಿ ತೊಳೆದು ಮುಚ್ಚಳ ಬಿಗಿ ಮಾಡಿ. ಬಾಟಲಿಗಳ ತಲೆ ನೀರಿನಿಂದ ಮೇಲೆ ಕಾಣಬೇಕು. ಪೂರ್ತಿ ಮುಳುಗಿದ ತೇಲುಗ ಒಂದು ಮಟ್ಟದಲ್ಲಿ ನಿಲ್ಲೋದೇ ಇಲ್ಲ. ಬಾಟಲಿಗಳನ್ನು ಮೇಲೆ ಕೆಳಗೆ ಸರಿಸಿ ಆ 6 ಮಿಲಿಮೀಟರ್ ಹೊಂದಿಸಿ. ಪಂಪ್ ಗೊರಗೊರ ಅಂದರೆ ಅಂಚು ಇನ್ನೊಂಚೂರು ಇಳಿಯಬೇಕು. ಮೇಲ್ಮೈ ಎಳೆತ ಕಾಣದಿದ್ದರೆ ಏರಿಸಬೇಕು. ನೆನಪಿಡಿ, ಡಬ್ಬಿ ಮೇಲಿನ 1000 ಲೀಟರ್ ಅನ್ನೋದು ನೀರನ್ನು ಮೇಲೆತ್ತದೇ ಇದ್ದಾಗಿನ ಲೆಕ್ಕ. ಎತ್ತರ ಏರಿದಷ್ಟೂ ಹರಿವು ಕಮ್ಮಿ.

ಕೆಳಗಿನ ಪೈಪಿನ ಬಾಯಿಯನ್ನು ಪೂರ್ತಿ ನೀರಿನ ಮಟ್ಟಕ್ಕಿಂತ ಸುಮಾರು 11 ಸೆಂಟಿಮೀಟರ್ ಕೆಳಗಿಡಿ. ಆಗ ಉಂಗುರಕ್ಕೆ ಇಳಿಯೋಕೆ ಮೂರೂವರೆ ಸೆಂಟಿಮೀಟರ್ ಜಾಗ ಸಿಗುತ್ತೆ. ಮೂರು ದಿನ ಊರಿಗೆ ಹೋಗಿ ಬಂದರೂ ಪರವಾಗಿಲ್ಲ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ನೀವಿಲ್ಲದಾಗ ಹೋಸ್ ಕಳಚಿ ನೀರು ಹೊರಗೆ ಹರಿದರೂ ಪಂಪ್ ಆ ಬಾಯಿಗಿಂತ ಕೆಳಗಿನ ನೀರನ್ನು ಮುಟ್ಟೋಕಾಗಲ್ಲ. ಪಂಪ್ ಸುಟ್ಟೀತು, ಮೀನು ಉಳಿಯುತ್ತವೆ. ಮಳೆಗಾಲದಲ್ಲಿ ಉಂಗುರ ತೇಲಿ ಕಳಚದ ಹಾಗೆ ಕೊಳದ ಅಂಚಿಗೆ ಹೆಚ್ಚುವರಿ ನೀರು ಹೋಗೋ ತೂತು ಇರಲಿ.

ಇಡೋದು ಎಲ್ಲಿ?

ಒಂದು ಹಿಡಿ ಮಂಡಕ್ಕಿ ನೀರಿಗೆ ಹಾಕಿ. ಗಾಳಿ ಅದನ್ನು ಯಾವ ಮೂಲೆಗೆ ತಳ್ಳುತ್ತೋ ಸ್ಕಿಮ್ಮರ್ ಅಲ್ಲಿರಲಿ. ಪಂಪಿನ ನೀರು ಎದುರು ದಡದಲ್ಲಿ ಬೀಳಲಿ. ಆಗ ಗಾಳಿ, ಹರಿವು ಎರಡೂ ಕಸವನ್ನು ಒಂದೇ ಕಡೆ ತರುತ್ತವೆ. ದಿನಕ್ಕೆ 8 ಗಂಟೆ ಓಡಿಸಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್ ಕರೆಂಟ್ ಕೂಡ ಆಗಲ್ಲ.

ಮೂರು ಎಚ್ಚರಿಕೆ

ಕರೆಂಟ್: ಈ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಪಂಪ್ ಹಾಕಬೇಡಿ. ಮಾಮೂಲಿ ಎಂಸಿಬಿ ವೈರನ್ನು ಕಾಪಾಡುತ್ತೆ, ನಿಮ್ಮನ್ನಲ್ಲ. ನೀರಿಗೆ ಕೈ ಹಾಕೋ ಮುಂಚೆ ಪ್ಲಗ್ ಕಿತ್ತಿಡಿ. ಮನೇಲಿ ಮಕ್ಕಳಿದ್ದರೆ ಅವರಿಗೂ ಇದನ್ನೇ ಹೇಳಿಕೊಡಿ.

ಮರಿಗಳು: ಗಪ್ಪಿ ಮರಿಗಳು ಮೇಲ್ಮೈ ಹತ್ತಿರವೇ ಈಜೋದು, ಕಸದ ಜೊತೆ ಒಳಗೆ ಬರ್ತಾವೆ. ಚೀಲ ಖಾಲಿ ಮಾಡೋ ಮುಂಚೆ ಒಂದು ಮಗ್ ನೀರಿನಲ್ಲಿ ಅದ್ದಿ ನೋಡಿ.

ಸೊಳ್ಳೆ: ಅಲ್ಲಾಡೋ ನೀರು ಸೊಳ್ಳೆಮರಿಗೆ ಒಗ್ಗಲ್ಲ, ಆದರೆ ಗಿಡದ ಸಂದಿಯಲ್ಲಿ ನೀರು ನಿಂತೇ ಇರುತ್ತೆ. ಅಲ್ಲಿ ಕೆಲಸ ಮಾಡೋದು ಮೀನು. ಡೆಂಗಿ ಹರಡೋ ಸೊಳ್ಳೆ ಮೊಟ್ಟೆ ಇಡೋದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತೆ. ಹಾಗಾಗಿ ವಾರಕ್ಕೊಮ್ಮೆ ಕೊಳದ ಗೋಡೆಯನ್ನು ಬ್ರಷ್‌ನಿಂದ ಉಜ್ಜಿ. ಸ್ಕಿಮ್ಮರ್ ಈ ಕೆಲಸ ಮಾಡಲ್ಲ, ನಾವೇ ಮಾಡಬೇಕು.

ಅಳತೆ ಹಾಕಿದ ಚಿತ್ರ ವಿಡಿಯೋದಲ್ಲಿದೆ. ಪೈಪಿನ ಬ್ರ್ಯಾಂಡ್ ಬದಲಾದರೆ ಅಗಲ ಭಾಗದ ಆಳವೂ ಬದಲಾಗುತ್ತೆ, ಅದಕ್ಕೆ ಕತ್ತರಿಸೋ ಮುಂಚೆ ಟೇಪ್ ಹಿಡಿದು ನೋಡಿ. ಮತ್ತೆ ಸಿಗೋಣ.