ಹೊದಿಕೆ ಬೆಳೆಯ ಆಯ್ಕೆ: ನೆಲದ ತೇವದ ಲೆಕ್ಕ

ಮುಖ್ಯ ಬೆಳೆಯಿಲ್ಲದ ಕಾಲದಲ್ಲಿ ನೆಲವನ್ನು ಬಿಸಿಲಿಗೂ ಮಳೆಯ ಹೊಡೆತಕ್ಕೂ ಬಿಡದೆ, ಅದನ್ನು ಕಾಯುವುದಕ್ಕೆಂದೇ ಬೆಳೆಯುವ ಬೆಳೆಗೆ ಹೊದಿಕೆ ಬೆಳೆಯೆಂದು ಹೆಸರು. ಅದು ಮಣ್ಣಿನ ಸವಕಳಿಯನ್ನು ತಡೆಯುತ್ತದೆ, ಕಳೆಯನ್ನು ಅಡಗಿಸುತ್ತದೆ. ಉತ್ತು ಮಗುಚಿದರೆ ಹಸುರು ಗೊಬ್ಬರವೂ ಆಗುತ್ತದೆ. ದ್ವಿದಳ ಜಾತಿಯದಾದರೆ ಬೇರುಗಂಟುಗಳ ಬ್ಯಾಕ್ಟೀರಿಯಾದ ನೆರವಿನಿಂದ ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಈ ಬ್ಯಾಕ್ಟೀರಿಯಾವನ್ನು 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಪ್ರತ್ಯೇಕಿಸಿ ತೋರಿಸಿದನು.

ಇಷ್ಟು ಗುಣಗಳಿದ್ದರೂ ಎಲ್ಲ ಹೊಲಗಳಿಗೂ ಒಪ್ಪುವ ಹೊದಿಕೆ ಬೆಳೆ ಒಂದೂ ಇಲ್ಲ. ಏಕೆಂದರೆ ಈ ಬೆಳೆಯೂ ನೀರು ಕುಡಿಯುತ್ತದೆ. ಅದು ಕುಡಿದ ನೀರನ್ನು ಮುಂದಿನ ಮಳೆ ತುಂಬಿಕೊಡುವುದೋ ಇಲ್ಲವೋ ಎಂಬುದೇ ಆಯ್ಕೆಯ ಮೊದಲ ಪ್ರಶ್ನೆ. ಕರ್ನಾಟಕದ ಮೂರು ಬಗೆಯ ನೆಲಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ವಿಜಯಪುರದ ಎರೆಭೂಮಿಯಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರು. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರಿನ ಆಸುಪಾಸಿನಲ್ಲಿ ಬೀಳುತ್ತದೆ. ಹಿಂಗಾರಿ ಜೋಳವು ನೆಲದಲ್ಲಿ ಕೂಡಿಟ್ಟ ತೇವದಿಂದಲೇ ಬೆಳೆಯತಕ್ಕದ್ದು. ಆದುದರಿಂದ ಒಕ್ಕಲಿಗರು ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಕುಂಟೆ ಹೊಡೆದು ಕಾಯ್ದಿಡುವುದುಂಟು. ಇದರಿಂದ ತೇವ ಉಳಿಯುತ್ತದೆ. ಆದರೆ ಬಿರುಮಳೆಗೆ ಬರಿ ನೆಲದ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಇಲ್ಲಿ ಒಪ್ಪುವುದು ಅರುವತ್ತು ಎಪ್ಪತ್ತು ದಿನಗಳಲ್ಲಿ ಮುಗಿಯುವ ಹೆಸರಿನಂತಹ ಬೆಳೆ. ಅದೂ ಮುಂಗಾರು ಚೆನ್ನಾಗಿ ಬಿದ್ದ ವರ್ಷದಲ್ಲಿ ಮಾತ್ರ. ಮುಂಗಾರು ಕೈಕೊಟ್ಟರೆ ಬಿತ್ತದಿರುವುದೇ ವಿವೇಕ.

ಬೆಂಗಳೂರು, ಕೋಲಾರ, ತುಮಕೂರುಗಳ ಕೆಮ್ಮಣ್ಣಿನ ಮಾತು ಬೇರೆ. ಈ ಹಗುರ ಮಣ್ಣು ತೇವವನ್ನು ಬಹುಕಾಲ ಹಿಡಿದಿಡಲಾರದು. ಮೇ ತಿಂಗಳ ಮಳೆಯನ್ನು ರಾಗಿಯ ಬಿತ್ತನೆಯವರೆಗೆ ಕೂಡಿಡುವ ಆಸೆ ಸಲ್ಲದು. ರಾಗಿಗೆ ಬೇಕಾದ ನೀರನ್ನು ಮುಂದಿನ ಮಳೆಯೇ ಕೊಡಬೇಕು. ಆದುದರಿಂದ ಮೇ ತಿಂಗಳಲ್ಲಿ ಸೆಣಬನ್ನೋ ಅಲಸಂದೆಯನ್ನೋ ಬಿತ್ತಿ, ಹೂಬಿಡುವ ಹೊತ್ತಿಗೆ ಮಣ್ಣಿಗೆ ಮಗುಚಬಹುದು. ತಡಮಾಡಿದರೆ ಸೆಣಬಿನ ಕಾಂಡ ನಾರಾಗಿ ಬೇಗ ಕೊಳೆಯದು. ರಾಗಿಯ ಕಾಲ ಮೀರಿದ ವರ್ಷ ಹುರುಳಿಯಿದ್ದೇ ಇದೆ. ಅದು ನೆಲವನ್ನೂ ಮುಚ್ಚುತ್ತದೆ, ಮನೆಗೆ ಕಾಳನ್ನೂ ದನಕ್ಕೆ ಮೇವನ್ನೂ ಕೊಡುತ್ತದೆ.

ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುವ ಕರಾವಳಿಯಲ್ಲಿ ಮಳೆಗಾಲದ ಚಿಂತೆ ನೀರಿನದಲ್ಲ, ಇಳಿಜಾರಿನ ಮಣ್ಣಿನದು. ಎಳೆಯ ತೆಂಗು, ರಬ್ಬರು ತೋಟಗಳಲ್ಲಿ ಪ್ಯೂರೇರಿಯ, ಕೆಲಪೊಗೋನಿಯಂ ಬಳ್ಳಿಗಳು ನೆಲವನ್ನು ಬೇಗ ಮುಚ್ಚುತ್ತವೆ. ಅವು ಗಿಡವನ್ನು ಏರದಂತೆ ಬುಡದ ಸುತ್ತ ಬಿಡಿಸುತ್ತಿರಬೇಕು. ನೀರಾವರಿಯಿಲ್ಲದ ತೋಟದಲ್ಲಿ ಬೇಸಗೆಗೆ ಮುನ್ನ ಬಳ್ಳಿಯನ್ನು ಕೊಯ್ದು ನೆಲಕ್ಕೆ ಹಾಸದಿದ್ದರೆ ಅದೇ ಗಿಡದ ನೀರಿಗೆ ಪಾಲುದಾರನಾಗುತ್ತದೆ.

ಎರಡನೆಯ ಪ್ರಶ್ನೆ ಮಣ್ಣಿನ ದೋಷದ್ದು. ನೀರು ನಿಂತು ಜವುಳಾದ, ಉಪ್ಪು ಅಥವಾ ಕ್ಷಾರ ಏರಿದ ನಾಲೆಯ ಕೆಳಗಿನ ಗದ್ದೆಗಳಲ್ಲಿ ಸೆಣಬು ಸೋತರೂ ಡಯಾಂಚ ಬಾಳುತ್ತದೆ. ಮೂರನೆಯದು ಊರಿನ ರೂಢಿಯದು. ಸುಗ್ಗಿಯ ಮೇಲೆ ಊರ ದನಗಳನ್ನೆಲ್ಲ ಹೊಲಗಳಿಗೆ ಬಿಡುವಲ್ಲಿ ಒಬ್ಬನೇ ಬೆಳೆದ ಹಸುರು ಉಳಿಯದು. ಅಲ್ಲಿ ಬೀಜಕ್ಕಿಂತ ಮೊದಲು ನೆರೆಹೊರೆಯ ಒಪ್ಪಿಗೆ ಬೇಕು.

ಮುಂಬಯಿಯಲ್ಲೋ ಪುಣೆಯಲ್ಲೋ ನೆಲೆಸಿ ಊರಿನ ಹೊಲವನ್ನು ಪತ್ರ, ದೂರವಾಣಿಗಳ ಮೂಲಕ ನೋಡಿಕೊಳ್ಳುವ ಕನ್ನಡಿಗರು ಅನೇಕರಿದ್ದಾರೆ. ಯಾವ ಬೀಜ ಕೊಳ್ಳಬೇಕೆಂದು ವಿಚಾರಿಸುವ ಮುನ್ನ ಅವರು ತಿಳಿಯತಕ್ಕದ್ದು ಮೂರು ಸಂಗತಿ: ಮಳೆ ಯಾವ ತಿಂಗಳಲ್ಲಿ ಹೆಚ್ಚು, ಮಣ್ಣು ತೇವವನ್ನು ಎಷ್ಟು ದಿನ ಹಿಡಿಯುತ್ತದೆ, ಮುಖ್ಯ ಬೆಳೆಯ ಬಿತ್ತನೆ ಎಂದು. ಇವಕ್ಕೆ ಉತ್ತರ ಹೇಳಬಲ್ಲವನು ಆ ಹೊಲವನ್ನು ಉಳುವ ಒಕ್ಕಲಿಗನೇ.