ಬಸವನಗುಡಿ ಪರಿಷೆಗೆ ಹೊರಟಿರಾ? ನೀವು ಕೇಳಿದ ಪ್ರಶ್ನೆಗಳಿಗೆ ಉತ್ತರ

ಕಾರ್ತಿಕ ಮಾಸ ಹತ್ತಿರವಾದಂತೆ ಮಹಿಳಾ ಹಾಲು ಉತ್ಪಾದಕರ ಸಂಘಗಳಿಗೆ ಹೋದಾಗಲೆಲ್ಲ ಬೆದೆ, ಗಬ್ಬ, ಕೆಚ್ಚಲು ಬಾವಿನ ಪ್ರಶ್ನೆಗಳ ನಡುವೆ ಇನ್ನೊಂದು ಬಗೆಯ ಪ್ರಶ್ನೆಗಳೂ ಬರುತ್ತವೆ. "ಡಾಕ್ಟ್ರೇ, ನಿಮ್ಮ ಮನೆ ಚಾಮರಾಜಪೇಟೆಯಲ್ಲಂತೆ. ಕಡಲೆಕಾಯಿ ಪರಿಷೆಗೆ ಹೋಗ್ಬೇಕು ಅಂತಿದ್ದೀವಿ, ಹೇಗೆ ಹೋಗೋದು? ಏನೇನು ನೋಡೋದು? ಹಸು ಬಿಟ್ಟು ಬರೋದು ಹೇಗೆ?" ಕೊನೆಯ ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ಜನ ಪ್ರತಿ ವರ್ಷ ಮನೆಯಲ್ಲೇ ಉಳಿಯುತ್ತಾರೆ. ಅದಕ್ಕೇ ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಊರಿನ ಪ್ರಶ್ನೆಗೆ ಊರಿನ ಉತ್ತರ, ಕೊಟ್ಟಿಗೆಯ ಪ್ರಶ್ನೆಗೆ ಕೊಟ್ಟಿಗೆಯ ಉತ್ತರ.

ಪರಿಷೆ ಯಾವಾಗ? ಅಲ್ಲಿ ಏನಿರುತ್ತೆ?

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಸುತ್ತ ಪರಿಷೆ ನಡೆಯುತ್ತದೆ. ಅಂಗಡಿಗಳು ಅದಕ್ಕೂ ಮೊದಲೇ ಬಂದು ಕೂತಿರುತ್ತವೆ, ಸೋಮವಾರ ಕಳೆದ ಮೇಲೂ ಇರುತ್ತವೆ. ಹಾಗಾಗಿ ನೂಕುನುಗ್ಗಲು ಬೇಡ ಅನ್ನುವವರು ಸೋಮವಾರ ಬಿಟ್ಟು ಬೇರೆ ದಿನ ಬರುವುದು ಒಳ್ಳೆಯದು. ಕೋಲಾರ, ಚಿಂತಾಮಣಿ, ಮಾಗಡಿ ಕಡೆಯಿಂದ, ಆಂಧ್ರ ಮತ್ತು ತಮಿಳುನಾಡಿನಿಂದಲೂ ಕಡಲೆಕಾಯಿ ಬರುತ್ತದೆ. ಹಸಿ, ಹುರಿದ, ಬೇಯಿಸಿದ ಕಾಯಿಯ ರಾಶಿಗಳ ಜೊತೆಗೆ ಕಡ್ಲೆಪುರಿ, ಬೆಂಡು ಬತ್ತಾಸು, ಬಳೆ, ಮಣ್ಣಿನ ಸಾಮಾನು ಎಲ್ಲವೂ ಇರುತ್ತವೆ. ಬಟ್ಟೆ ಚೀಲ ಮನೆಯಿಂದಲೇ ತನ್ನಿ. ಜನಜಂಗುಳಿಯಲ್ಲಿ ಮಾಂಗಲ್ಯದ ಸರ ಸೆರಗಿನೊಳಗಿರಲಿ.

ನಮ್ಮೂರಿಂದ ಹೇಗೆ ಬರೋದು?

ಕೆಎಸ್‌ಆರ್‌ಟಿಸಿ ಮತ್ತು ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಟಿಕೆಟ್ ಉಚಿತ. ಗುರುತಿನ ಚೀಟಿ ಮರೆಯಬೇಡಿ. ಎ.ಸಿ. ಬಸ್ಸುಗಳಿಗೂ ಮೆಟ್ರೋಗೂ ಇದು ಅನ್ವಯಿಸುವುದಿಲ್ಲ.

ಮೆಟ್ರೋ ಹತ್ತುವುದಾದರೆ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಗಾಂಧಿ ಬಜಾರ್ ಕಡೆಯಿಂದ ನಡೆದರೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ಕನಕಪುರ ರಸ್ತೆಯವರು ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ, ನೆಲಮಂಗಲದ ಕಡೆಯವರು ಮಾದಾವರದಲ್ಲಿ ಹತ್ತಿದರೆ ಗಾಡಿ ಬದಲಿಸುವ ತೊಂದರೆಯೇ ಇಲ್ಲ. ಬಿಡದಿ, ರಾಮನಗರದವರು ಚಲ್ಲಘಟ್ಟ ಅಥವಾ ಕೆಂಗೇರಿಯಲ್ಲಿ ನೇರಳೆ ಮಾರ್ಗ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಬೇಕು. ಶೌಚಾಲಯದ ಚಿಂತೆ ಬಹಳ ಜನರಿಗೆ ಇರುತ್ತದೆ. ಮೆಟ್ರೋ ನಿಲ್ದಾಣದಲ್ಲೇ ಮುಗಿಸಿಕೊಂಡು ಹೊರಡಿ.

ಹಸು ಬಿಟ್ಟು ಹೇಗೆ ಬರೋದು?

ಇದೇ ಮುಖ್ಯ ಪ್ರಶ್ನೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಹೊರಟು, ಸಂಜೆ ಕರೆಯುವ ಹೊತ್ತಿಗೆ ಮನೆ ಸೇರುವ ಹಾಗಿದ್ದರೆ ಯಾವ ತೊಂದರೆಯೂ ಇಲ್ಲ. ಸ್ವಲ್ಪ ತಡವಾದರೂ ಹಸು ತಡೆದುಕೊಳ್ಳುತ್ತದೆ. ಆದರೆ ಒಂದು ಹೊತ್ತು ಪೂರ್ತಿ ಕರೆಯದೆ ಬಿಡಬಾರದು. ಕೆಚ್ಚಲು ಬಿಗಿದು ನೋವಾಗುತ್ತದೆ, ಹಾಲು ಕಡಿಮೆಯಾಗುತ್ತದೆ, ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ಸಂಜೆ ಯಾರು ಕರೆಯಬೇಕು? ಮನೆಯಲ್ಲಿರುವ ಗಂಡಸರು ಕರೆಯಲಿ. ಆದರೆ ಆ ದಿನವೇ ಮೊದಲ ಸಲ ಕೈ ಹಾಕಿದರೆ ಆಗದು. ಹೊಸಬರ ಕೈ ತಾಗಿದರೆ ಎಷ್ಟೋ ಹಸುಗಳು ಹಾಲು ಇಳಿಸುವುದೇ ಇಲ್ಲ. ಹೆದರಿಕೆ, ಗಾಬರಿ ಆದಾಗ ಹಾಲು ಇಳಿಸುವ ಹಾರ್ಮೋನು ಕೆಲಸ ಮಾಡುವುದಿಲ್ಲ. ಆದ್ದರಿಂದ ಹೊರಡುವುದಕ್ಕೆ ಒಂದು ವಾರ ಮೊದಲಿನಿಂದಲೇ ಯಜಮಾನರೋ ಮಗನೋ ನಿಮ್ಮ ಪಕ್ಕ ಕೂತು ದಿನಕ್ಕೆ ಒಂದು ಹೊತ್ತು ಕರೆಯಲಿ. ಕೈ ತೊಳೆಯುವುದು, ಮೊಲೆ ತೊಳೆದು ಒಣಬಟ್ಟೆಯಲ್ಲಿ ಒರೆಸುವುದು, ಮೊದಲ ನಾಲ್ಕು ಧಾರೆಯನ್ನು ಬೇರೆ ಬಟ್ಟಲಿಗೆ ಕರೆದು ಗಡ್ಡೆ ಇದೆಯೇ ನೋಡುವುದು, ಕರೆದ ಮೇಲೆ ಮೊಲೆಗಳನ್ನು ಔಷಧದ ದ್ರಾವಣದಲ್ಲಿ ಅದ್ದುವುದು, ಇಷ್ಟನ್ನೂ ಕಲಿಸಿ. ಇದು ಪರಿಷೆಗೆ ಮಾತ್ರವಲ್ಲ. ನಿಮಗೆ ಜ್ವರ ಬಂದ ದಿನಕ್ಕೂ, ಮಗಳ ಬಾಣಂತನಕ್ಕೆ ಹೋದ ತಿಂಗಳಿಗೂ ಬೇಕಾದ ವಿದ್ಯೆ. ಒಬ್ಬರ ಕೈಗೆ ಮಾತ್ರ ಒಗ್ಗಿದ ಹಸು ಆ ಒಬ್ಬರನ್ನು ಮನೆಯಲ್ಲೇ ಕಟ್ಟಿಹಾಕುತ್ತದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಹೊರಡಬೇಡಿ. ಹಸು ಕರು ಹಾಕುವ ದಿನ ಹತ್ತಿರವಿದ್ದರೆ, ಅಥವಾ ಕರು ಹಾಕಿ ಇನ್ನೂ ಮೂರು ದಿನ ಆಗಿಲ್ಲದಿದ್ದರೆ ಅನುಭವವಿದ್ದವರು ಹತ್ತಿರ ಇರಲೇಬೇಕು. ಹಾಲುಜ್ವರ ಹೆಚ್ಚಾಗಿ ಬರುವುದು ಈ ಮೂರು ದಿನಗಳಲ್ಲೇ. ಕಿವಿ ತಣ್ಣಗಾಗಿ, ಕತ್ತು ಪಕ್ಕಕ್ಕೆ ತಿರುಗಿಸಿ ಹಸು ಮಲಗಿಬಿಟ್ಟರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು. ಸಮಯಕ್ಕೆ ಸರಿಯಾಗಿ ಕ್ಯಾಲ್ಸಿಯಂ ಕೊಟ್ಟರೆ ಅದೇ ಹಸು ಕಣ್ಣೆದುರೇ ಎದ್ದು ನಿಲ್ಲುತ್ತದೆ.

ಬಸವಣ್ಣನಿಗೂ ಕಡಲೆಕಾಯಿಗೂ ಏನು ಸಂಬಂಧ?

ಈಗ ಬಸವನಗುಡಿ ಬಡಾವಣೆ ಇರುವ ಜಾಗದಲ್ಲಿ ಹಿಂದೆ ಸುಂಕೇನಹಳ್ಳಿ ಎಂಬ ಊರಿತ್ತು. ಸುತ್ತ ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ. ಎಲ್ಲ ಕಡಲೆಕಾಯಿ ಹೊಲ. ರಾತ್ರಿ ಒಂದು ಬಸವ ಬಂದು ಬೆಳೆ ಮೇಯುತ್ತಿತ್ತಂತೆ. ಕಾವಲು ಕೂತ ರೈತ ದೊಣ್ಣೆಯಿಂದ ಹೊಡೆದಾಗ ಅದು ಅಲ್ಲೇ ಕಲ್ಲಾಯಿತಂತೆ. ಹೊಡೆದದ್ದು ನಂದಿಯನ್ನೇ ಎಂದು ತಿಳಿದ ರೈತರು ಮೊದಲ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುವ ಹರಕೆ ಹೊತ್ತರು ಎನ್ನುವುದು ಜನ ಹೇಳಿಕೊಂಡು ಬಂದ ಕಥೆ. ಗುಡಿ ಕಟ್ಟಿಸಿದವರು ಕೆಂಪೇಗೌಡರು ಎಂಬ ನಂಬಿಕೆಯಿದೆ. ಒಂದೇ ಕಲ್ಲಿನ ಬಸವ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಪಕ್ಕದಲ್ಲೇ ದೊಡ್ಡ ಗಣಪತಿ. ಆತನಿಗೆ ಮಾಡುವ ಬೆಣ್ಣೆ ಅಲಂಕಾರವನ್ನು ಹಾಲು ಕರೆಯುವ ಕೈಗಳು ಒಮ್ಮೆ ನೋಡಬೇಕು.

ಕಥೆಯ ಬಸವ ಕಲ್ಲಾಯಿತು. ನಮ್ಮ ಕೊಟ್ಟಿಗೆಯ ಹಸು ಕಡಲೆಕಾಯಿ ರಾಶಿಗೋ, ರಾಗಿ ಚೀಲಕ್ಕೋ ಬಾಯಿ ಹಾಕಿದರೆ ಹೊಟ್ಟೆ ಉಬ್ಬುತ್ತದೆ, ಅಜೀರ್ಣವಾಗುತ್ತದೆ. ಹಬ್ಬದ ಮಾರನೇ ದಿನ ಉಳಿದ ಅನ್ನ, ಒಬ್ಬಟ್ಟು ಸುರಿದರೂ ಅದೇ ಗತಿ. ಎಡ ಪಕ್ಕೆ ಉಬ್ಬಿ ಮೆಲುಕು ನಿಂತಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ವೈದ್ಯರನ್ನು ಕರೆಯಿರಿ.

ಪರಿಷೆಯಲ್ಲಿ ಅಗ್ಗಕ್ಕೆ ಸಿಗೋ ಕಡಲೆಕಾಯಿ, ಹಿಂಡಿ ಹಸುಗೆ ಕೊಡಬಹುದಾ?

ಕಡಲೆಕಾಯಿ ಹಿಂಡಿ ಒಳ್ಳೆಯ ಆಹಾರವೇ. ಹೊಟ್ಟು, ಒಣ ಬಳ್ಳಿಯೂ ಒಳ್ಳೆಯವೇ. ಆದರೆ ಬೂಷ್ಟು ಹಿಡಿದ ಕಾಯಿ, ಮುಗ್ಗಿದ ಹಿಂಡಿ ಬೇಡವೇ ಬೇಡ. ತೇವದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹಸು ಅದನ್ನು ತಿಂದ ಒಂದು ದಿನದೊಳಗೆ ವಿಷದ ಒಂದು ಪಾಲು ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲು ಕಾಯಿಸಿದರೂ, ಡೇರಿಯಲ್ಲಿ ಪಾಶ್ಚರೀಕರಿಸಿದರೂ ಅದು ಹೋಗುವುದಿಲ್ಲ. ಲಿವರಿಗೆ ಕೆಟ್ಟದ್ದು, ಮುಖ್ಯವಾಗಿ ಮಕ್ಕಳಿಗೆ ಅಪಾಯ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಪ್ರಕಟಿಸಿದ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 368ರಲ್ಲಿ ಈ ವಿಷ ಮಿತಿ ಮೀರಿತ್ತು. ಯಾರೋ ಬೆರೆಸಿದ ಕಲಬೆರಕೆ ಅದಲ್ಲ, ಮೇವು ಮತ್ತು ಹಿಂಡಿಯಿಂದ ಬಂದದ್ದು.

ಸಮಾಧಾನದ ಸಂಗತಿಯೆಂದರೆ, ಕೆಟ್ಟ ಹಿಂಡಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ. ತಿಂಗಳಿಗೆ ಬೇಕಾದಷ್ಟೇ ತನ್ನಿ. ಮುಗ್ಗಲು ವಾಸನೆ ಬಂದರೆ, ಗಂಟು ಕಟ್ಟಿದ್ದರೆ, ಹಸಿರು ಅಥವಾ ಕಪ್ಪು ಪುಡಿ ಕಂಡರೆ ಒಣಗಿಸಿ ಉಪಯೋಗಿಸುವ ಆಸೆ ಬಿಡಿ. ಒಣಗಿಸಿದರೆ ಬೂಷ್ಟು ಸಾಯಬಹುದು, ವಿಷ ಉಳಿಯುತ್ತದೆ. ನೀವು ತಿನ್ನಲಾರದ ಕಾಯಿಯನ್ನು ಹಸುವಿಗೂ ಹಾಕಬೇಡಿ.

ವೃಷಭಾವತಿ ಹುಟ್ಟೋದು ಅಲ್ಲೇನಾ?

ಬಸವಣ್ಣನ ಪಾದದಲ್ಲಿ ಹುಟ್ಟಿದ ಹೊಳೆ ಎಂಬ ನಂಬಿಕೆಯಿಂದಲೇ ಅದಕ್ಕೆ ವೃಷಭಾವತಿ ಎಂಬ ಹೆಸರು. ಈಗ ಅದು ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಕೆಂಗೇರಿ ದಾಟಿ ಬಿಡದಿ ಬಳಿಯ ಭೈರಮಂಗಲ ಕೆರೆಗೆ ಬರುತ್ತದೆ. ಮುಂದೆ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಗುಡಿಯಲ್ಲಿ ಕೈ ಮುಗಿಯುವ ಹೊಳೆಯ ನೀರನ್ನೇ ಕೆಳಗಿನ ಊರುಗಳಲ್ಲಿ ಮೇವಿಗೆ ಹಾಯಿಸುತ್ತೇವೆ. ಅಂಥ ನೀರಿನಲ್ಲಿ ಬೆಳೆದ ಹುಲ್ಲು ಕಡು ಹಸಿರಾಗಿ, ಸೊಂಪಾಗಿ ಕಾಣುತ್ತದೆ. ಆದರೆ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ನೀರಿನಿಂದ ಮಣ್ಣಿಗೆ, ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ ಸೇರುತ್ತವೆ. ಆ ದಂಡೆಯಲ್ಲಿರುವ ಸೋದರಿಯರು ಹಸುಗಳಿಗೆ ಕುಡಿಯಲು ಹೊಳೆಯ ನೀರು ಕೊಡಲೇಬೇಡಿ. ಬೋರ್‌ವೆಲ್ ನೀರು ಇರುವಷ್ಟು ಜಾಗದಲ್ಲಿ ಮೇವು ಬೆಳೆಯಿರಿ, ಉಳಿದದ್ದಕ್ಕೆ ಒಣಮೇವು ಹೊಂದಿಸಿ. ಒಬ್ಬೊಬ್ಬರೇ ಹೇಳಿದರೆ ಯಾರ ಕಿವಿಗೂ ಬೀಳದು. ನೀರು, ಮೇವಿನ ಪರೀಕ್ಷೆ ಆಗಲಿ ಎಂದು ಸಂಘದ ಸಭೆಯಲ್ಲಿ ಠರಾವು ಮಾಡಿ ಒಕ್ಕೂಟಕ್ಕೆ ಕಳಿಸಿ.

ಬಂದದ್ದೇ ಬಂದೆವು, ಇನ್ನೇನು ನೋಡಬಹುದು?

ಗುಡಿಯಿಂದ ಸ್ವಲ್ಪ ದೂರದಲ್ಲೇ ಗವಿಪುರದ ಗವಿ ಗಂಗಾಧರೇಶ್ವರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಎರಡು ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ನಾವು ದನಗಳಿಗೆ ಕಿಚ್ಚು ಹಾಯಿಸುವ ದಿನವೇ ಅದು. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆಗೆ ಸಾಲು ನಿಲ್ಲಬೇಕಾಗುತ್ತದೆ. ಶುಕ್ರವಾರ ರಜೆ.

ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಮಲ್ಲೇಶ್ವರಕ್ಕೆ ಹೋದರೆ ಕಾಡುಮಲ್ಲೇಶ್ವರನ ಎದುರಿನ ನಂದಿ ತೀರ್ಥ ನೋಡಿ. ಮಣ್ಣಿನಡಿ ಹೂತುಹೋಗಿದ್ದ ಈ ಕಲ್ಯಾಣಿ 1997ರಲ್ಲಿ ಅಗೆದಾಗ ಹೊರಬಂತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತಲೇ ಇರುತ್ತದೆ. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದಾಗ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ.

ಫಾರಿನ್ನಿನವರೂ ಬರ್ತಾರಂತಲ್ಲ, ಅವರಿಗೆ ಬಸವ ಅಂದ್ರೆ ಏನು ಗೊತ್ತು?

ಕೆಲವರಿಗೆ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಗೊತ್ತು. ಹೈನುಗಾರಿಕೆಗೆ ಹೆಸರಾದ ಐರ್ಲೆಂಡನ್ನೇ ನೋಡಿ. ಹಸು, ಹಾಲು, ಬೆಣ್ಣೆಯನ್ನು ಕಾಯುವ ಸಂತ ಬ್ರಿಜಿಡ್ ಎಂಬ ಹೆಣ್ಣುಮಗಳಿಗೆ ಅಲ್ಲಿ ಫೆಬ್ರವರಿ 1ರಂದು ಹಬ್ಬ. 2023ರಿಂದ ಆ ಹಬ್ಬಕ್ಕೆ ಸರ್ಕಾರಿ ರಜೆಯನ್ನೂ ಕೊಟ್ಟಿದ್ದಾರೆ. ಅವರ ಭಾಷೆಯಲ್ಲಿ ಹಸುವಿಗೆ 'ಬೋ' ಎನ್ನುತ್ತಾರೆ. ಸಂಸ್ಕೃತದ 'ಗೋ' ಮತ್ತು ಅದು ಒಂದೇ ಬೇರಿನ ಮಾತುಗಳು. ನಮ್ಮಂತೆಯೇ ಸಹಕಾರಿ ಹಾಲು ಸಂಘ ಕಟ್ಟಿಕೊಂಡ ದೇಶ ಅದು. ಮೊದಲ ಸಂಘ ಶುರುವಾದದ್ದು 1889ರಲ್ಲಿ. ಆದರೆ ಒಂದು ಪಾಠವೂ ಇದೆ. ಅದಕ್ಕೂ ಮೊದಲು ಮನೆಯಲ್ಲಿ ಬೆಣ್ಣೆ ತೆಗೆದು ಮಾರಿ ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಳ್ಳುತ್ತಿದ್ದವರು ಹೆಂಗಸರು. ಹಾಲು ಸಂಘಕ್ಕೆ ಹೋಗತೊಡಗಿದ ಮೇಲೆ ಲೆಕ್ಕ, ಹಣ ಎರಡೂ ಬಹುಮಟ್ಟಿಗೆ ಗಂಡಸರ ಕೈ ಸೇರಿದವು. ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿರಲಿ, ಹಾಲಿನ ಹಣ ನಿಮ್ಮ ಖಾತೆಗೇ ಬರಲಿ ಎಂದು ಪದೇ ಪದೇ ಹೇಳುವುದು ಇದಕ್ಕೇ.

ಅಲ್ಲಿಯವರು ಕುಡಿಯೋದು ನಮ್ಮ ಹಾಲೇನಾ?

ಬಸವನಗುಡಿಯ ಕಾಫಿ ಲೋಟದಲ್ಲಿರುವ ಹಾಲು ನಿಮ್ಮಂಥವರ ಕೊಟ್ಟಿಗೆಯದೇ. ನಿಮ್ಮ ಕ್ಯಾನಿನ ಹಾಲು ಶೀತಲೀಕರಣ ಘಟಕದಲ್ಲಿ ಇಡೀ ಊರಿನ ಹಾಲಿನೊಂದಿಗೆ ಬೆರೆತು, ಡೇರಿಗೆ ಹೋಗಿ, ಪ್ಯಾಕೆಟ್ಟಾಗಿ ಬೆಳಗಿನ ಜಾವ ಬೂತಿಗೆ ಬರುತ್ತದೆ. ಹಾಗಾಗಿ ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬೇಡಿ. ಒಂದು ಮನೆಯ ಹಾಲು ಇಡೀ ಟ್ಯಾಂಕನ್ನು ಕೆಡಿಸಬಲ್ಲದು. ಪರಿಷೆಯ ರಸ್ತೆಯಲ್ಲಿ ಕೂಸನ್ನು ಎತ್ತಿಕೊಂಡು ಬರುವ ಯಾವುದೋ ತಾಯಿ ನಿಮ್ಮನ್ನು ನೋಡಿಲ್ಲ, ನಿಮ್ಮ ಹೆಸರೂ ಅವಳಿಗೆ ಗೊತ್ತಿಲ್ಲ. ಆದರೂ ನಿಮ್ಮನ್ನು ನಂಬಿಯೇ ಮಗುವಿಗೆ ಹಾಲು ಕುಡಿಸುತ್ತಾಳೆ.

ಹೊರಡುವ ದಿನ ಗೊತ್ತು ಮಾಡಿಕೊಂಡು, ಹಾಲು ಕರೆಯುವವರನ್ನು ಈ ವಾರದಿಂದಲೇ ತಯಾರು ಮಾಡಿ. ಗಬ್ಬದ ಹಸುವಿದ್ದರೆ ದಿನ ಲೆಕ್ಕ ಹಾಕಿ ನೋಡಿ. ಪಶುವೈದ್ಯರ ನಂಬರನ್ನು ಮನೆಯಲ್ಲಿ ಉಳಿಯುವವರ ಫೋನಿನಲ್ಲಿ ಹಾಕಿಕೊಡಿ. ಇನ್ನೂ ಪ್ರಶ್ನೆಗಳಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿಯವರ ಬಳಿ ಬರೆದುಕೊಡಿ. ಮುಂದಿನ ಸಂಚಿಕೆಯಲ್ಲಿ ಉತ್ತರಿಸೋಣ.