ದೂರಸ್ಥನಾದ ಒಡೆಯನೂ ಗೇಣಿಯ ಕಟ್ಟಳೆಯೂ

ಕುಮಟೆ ಹೊನ್ನಾವರಗಳ ನಡುವೆ ಕಡಲತಡಿಯಲ್ಲಿರುವ ಧಾರೇಶ್ವರವು ಗೋಕರ್ಣಕ್ಕೆ ಸೇರಿದ ಪಂಚಕ್ಷೇತ್ರಗಳಲ್ಲೊಂದೆಂದು ಪ್ರಸಿದ್ಧವಾಗಿದೆ. ಈ ಕರಾವಳಿಯಲ್ಲಿ ಒಡೆಯನು ಊರುಬಿಟ್ಟು ದೂರದಲ್ಲಿರುವಾಗ ಗದ್ದೆತೋಟಗಳು ಹೇಗೆ ನಡೆಯುತ್ತಿದ್ದುವೆಂಬುದನ್ನು ಮೂಲಗೇಣಿ, ಚಾಲಗೇಣಿ ಎಂಬೆರಡು ಮಾತುಗಳಿಂದಲೇ ತಿಳಿಯಬಹುದು.

ಮೂಲಗೇಣಿಯೆಂದರೆ ಶಾಶ್ವತವಾದ ಒಕ್ಕಲುತನ. ಗೇಣಿಯ ಮೊತ್ತವು ಮೊದಲೇ ಗೊತ್ತಾಗಿರುವುದು. ಅದನ್ನು ಏರಿಸುವ ಅಧಿಕಾರವು ಒಡೆಯನಿಗಿಲ್ಲ. ಹಕ್ಕು ತಂದೆಯಿಂದ ಮಗನಿಗೆ ಇಳಿಯುವುದು. ಚಾಲಗೇಣಿಯಾದರೋ ವರ್ಷದಿಂದ ವರ್ಷಕ್ಕೆ ನಡೆಯತಕ್ಕದ್ದು. ಇದರಲ್ಲಿ ಗೇಣಿಯನ್ನು ಏರಿಸಲೂ ಒಕ್ಕಲನ್ನು ಬಿಡಿಸಲೂ ಅವಕಾಶವುಂಟು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನನು ಇವೆರಡನ್ನೂ ಬರೆದಿಟ್ಟಿದ್ದಾನೆ. ದೂರಸ್ಥನಿಗೆ ಮೊದಲನೆಯದರಲ್ಲಿ ಆದಾಯವು ಬೆಳೆಯದು, ಆದರೆ ಮೇಲ್ವಿಚಾರಣೆಯ ಹೊರೆಯಿಲ್ಲ. ಎರಡನೆಯದರಲ್ಲಿ ಬೆಳೆಯನ್ನು ನೋಡಿ ಗೇಣಿಯನ್ನು ಎಣಿಸಿ ತರುವ ಪಾರುಪತ್ಯಗಾರನೊಬ್ಬನು ಬೇಕು. ಆಗ ಒಕ್ಕಲಿಗೆ ಒಡೆಯನ ಮುಖವೇ ಕಾಣದು. ಪಾರುಪತ್ಯಗಾರನ ಮಾತೇ ಒಡೆತನವಾಗುವುದು.

ಇಲ್ಲಿ ಧರ್ಮಶಾಸ್ತ್ರದ ಒಂದು ವಿಚಾರವು ಸ್ಮರಣೀಯವಾಗಿದೆ. ಅನ್ಯನು ತನ್ನ ಭೂಮಿಯನ್ನು ಅನುಭವಿಸುತ್ತಿರುವುದನ್ನು ಕಂಡೂ ಆಕ್ಷೇಪಿಸದೆ 20 ವರ್ಷ ಸುಮ್ಮನಿದ್ದವನಿಗೆ ಹಾನಿಯುಂಟೆಂದು ಯಾಜ್ಞವಲ್ಕ್ಯನು ವಿಧಿಸಿದನು. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದನ್ನು ಫಲದ ಹಾನಿಯೆಂದೇ ವ್ಯಾಖ್ಯಾನಿಸಿ, ಭೂಮಿಯ ಸ್ವತ್ವವು ನಷ್ಟವಾಗದೆಂದನು. ಗೇಣಿಯು ಒಪ್ಪಂದದಿಂದ ಬಂದ ಭೋಗವಾದುದರಿಂದ ಈ ವಿಧಿ ಅದಕ್ಕೆ ನೇರವಾಗಿ ಅನ್ವಯಿಸದು. ಆದರೂ ಇಲ್ಲಿಯ ತತ್ತ್ವವು ಗಮನಾರ್ಹ: ದೋಷವು ಕಂಡೂ ಮೌನವಾಗಿದ್ದವನದು, ದೂರದಲ್ಲಿದ್ದು ಕಾಣದವನದಲ್ಲ.

ಕರ್ನಾಟಕದ ಭೂಸುಧಾರಣಾ ಶಾಸನವು ಈ ತತ್ತ್ವವನ್ನು ತಿರುಗಿಸಿತು. 1961ರ ಶಾಸನಕ್ಕೆ ಆದ ತಿದ್ದುಪಡಿಯಂತೆ 1974ರ ಮಾರ್ಚಿ 1ರಂದು ಗೇಣಿಯ ಕೃಷಿಭೂಮಿಗಳು ಸರಕಾರಕ್ಕೆ ಸೇರಿದುವು. ಒಕ್ಕಲುಗಳು ನಮೂನೆ 7ನ್ನು ಸಲ್ಲಿಸಿ, ಭೂನ್ಯಾಯಮಂಡಳಿಯ ವಿಚಾರಣೆಯ ಮೂಲಕ ಒಡೆಯರಾದರು. ಮೂಲಗೇಣಿಯೂ ಚಾಲಗೇಣಿಯೂ ಈ ಒಂದೇ ವಿಧಿಗೆ ಒಳಪಟ್ಟುವು. ಸೈನಿಕರೂ ನಾವಿಕರೂ ಸೇವೆಯಲ್ಲಿರುವಾಗ ಕೊಟ್ಟ ಗೇಣಿಗೆ ವಿನಾಯಿತಿಯಿತ್ತು. ಅವರ ದೂರವು ಕರ್ತವ್ಯದಿಂದಾದುದೆಂಬುದೇ ಅದರ ಆಶಯವೆನ್ನಬೇಕು.

ಹೀಗೆ ಸ್ಮೃತಿಯಲ್ಲಿ ಒಡೆಯನಿಗೆ ರಕ್ಷೆಯಾಗಿದ್ದ ದೂರವು ಶಾಸನದಲ್ಲಿ ಅವನ ಹಕ್ಕಿಗೇ ಬಾಧಕವಾಯಿತು. ಊರು ಬಿಟ್ಟು ಗೇಣಿಯನ್ನೇ ನಂಬಿದ್ದ ಸಣ್ಣ ಹಿಡುವಳಿಯವನಿಗೆ ಇದು ಕಠಿನವೇ ಸರಿ. ಆದರೆ ತಲೆಮಾರುಗಳಿಂದ ಕೆಸರು ತುಳಿದವನಿಗೆ ವರ್ಷಾಂತ್ಯದ ಭಯವು ಇದರಿಂದಲೇ ನೀಗಿತು. ಈ ಎರಡನ್ನೂ ಒಟ್ಟಿಗೆ ತೂಗಿದಲ್ಲದೆ ‘ಗೇಣಿ’ ಎಂಬ ಪದದ ಅರ್ಥವು ಪೂರ್ಣವಾಗದು.